ರಕ್ತದ ಯೂರಿಯಾ ಸಾರಜನಕ ಪರೀಕ್ಷೆ

ರಕ್ತದಲ್ಲಿ ಕರಗಿರುವ ಯೂರಿಯಾ ಎಂಬ ತ್ಯಾಜ್ಯದಲ್ಲಿ ಎಷ್ಟು ಸಾರಜನಕ ಇದೆ ಎಂಬುದನ್ನು ಅಳೆಯುವ ಪರೀಕ್ಷೆ. ಬಿಯುಎನ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತ. ಮೂತ್ರಪಿಂಡಗಳ ಸ್ಥಿತಿ ತಿಳಿಯಲು ಮಾಡಿಸುವ ಪರೀಕ್ಷೆಗಳ ಗುಂಪಿನಲ್ಲಿ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂಗಳ ಜೊತೆ ಇದೂ ಸೇರಿರುತ್ತದೆ. ಯೂರಿಯಾ ತಯಾರಾಗುವುದು ಯಕೃತ್ತಿನಲ್ಲಿ, ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಹಾಗಾಗಿ ರಕ್ತದಲ್ಲಿ ಅದರ ಮಟ್ಟವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಎಷ್ಟು ತಯಾರಾಯಿತು, ಮೈಯಲ್ಲಿ ನೀರಿನಂಶ ಎಷ್ಟಿದೆ, ಎಷ್ಟು ಹೊರಹೋಯಿತು. ಈ ಒಂದು ಅಂಕಿ ಏರಿತೆಂದು ಕಿಡ್ನಿ ಕೆಟ್ಟಿತು ಎಂದುಕೊಳ್ಳುವುದು ಸರಿಯಲ್ಲ. ಮಿತಿಯೊಳಗಿದೆ ಎಂದು ನಿಶ್ಚಿಂತರಾಗುವುದೂ ಸರಿಯಲ್ಲ. ಉಳಿದ ಪರೀಕ್ಷೆಗಳು, ಹಿಂದಿನ ವರದಿಗಳು ಮತ್ತು ರೋಗಿಯ ಸ್ಥಿತಿಯೊಡನೆ ಸೇರಿಸಿ ಓದಿದಾಗಲೇ ಇದಕ್ಕೆ ಅರ್ಥ ಬರುತ್ತದೆ.

ಯೂರಿಯಾದ ಹುಟ್ಟು ಮತ್ತು ವಿಸರ್ಜನೆ

ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ ಬರುವ ಪ್ರೋಟೀನು ಜೀರ್ಣವಾಗಿ ಅಮೈನೊ ಆಮ್ಲಗಳಾಗುತ್ತದೆ. ದೇಹದ ಕಟ್ಟಡಕ್ಕೆ ಬೇಕಾದಷ್ಟನ್ನು ಬಳಸಿಕೊಂಡ ಮೇಲೆ ಉಳಿದ ಅಮೈನೊ ಆಮ್ಲಗಳು ಒಡೆದು ಅಮೋನಿಯ ಹುಟ್ಟುತ್ತದೆ. ಸ್ನಾಯುಗಳ ಪ್ರೋಟೀನು ಸವೆದಾಗಲೂ ಹೀಗೆಯೇ ಆಗುತ್ತದೆ. ಅಮೋನಿಯ ಮಿದುಳಿಗೆ ವಿಷ. ಯಕೃತ್ತು ಅದನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ, ನೀರಿನಲ್ಲಿ ಸುಲಭವಾಗಿ ಕರಗುವ ಮತ್ತು ಅಷ್ಟೇನೂ ಅಪಾಯವಿಲ್ಲದ ಯೂರಿಯಾವನ್ನಾಗಿ ಮಾರ್ಪಡಿಸುತ್ತದೆ. ಈ ಕ್ರಿಯಾಸರಣಿಗೆ ಯೂರಿಯಾ ಚಕ್ರ ಎಂದು ಹೆಸರು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಭಾಗ ಸಾರಜನಕ. 60 ಗ್ರಾಂ ಪ್ರೋಟೀನಿನಲ್ಲಿ ಹತ್ತಿರಹತ್ತಿರ 10 ಗ್ರಾಂ ಸಾರಜನಕವಿದ್ದು, ಅದೆಲ್ಲವೂ ಯೂರಿಯಾ ಆದರೆ ಸುಮಾರು 20 ಗ್ರಾಂ ಆಗುತ್ತದೆ.

ಹೊಲಕ್ಕೆ ಎರಚುವ ಯೂರಿಯಾ ಗೊಬ್ಬರದ ಅಣುವೂ ಇದೇ. ಆದರೆ ರಕ್ತದ ಯೂರಿಯಾ ದೇಹದೊಳಗೇ ತಯಾರಾದದ್ದು. ಗೊಬ್ಬರ ಹಾಕಿ ಬೆಳೆದ ಧಾನ್ಯ ಉಂಡಿದ್ದರಿಂದ ಬಂದದ್ದಲ್ಲ.

ರಕ್ತ ಮೂತ್ರಪಿಂಡದ ಗ್ಲಾಮೆರುಲಸ್ ಎಂಬ ಸೂಕ್ಷ್ಮ ಲೋಮನಾಳ ಗುಚ್ಛಗಳನ್ನು ಹಾಯುವಾಗ ಯೂರಿಯಾ ತಡೆಯಿಲ್ಲದೆ ಸೋಸಿಹೋಗುತ್ತದೆ. ಆರೋಗ್ಯವಂತರ ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಅದರ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಬಿಡುತ್ತವೆ. ಸೋಸಿಹೋದ ಯೂರಿಯಾದಲ್ಲಿ ಅರ್ಧದಷ್ಟು ನೀರಿನೊಂದಿಗೆ ಹಿಂದಿರುಗಿ ರಕ್ತ ಸೇರುತ್ತದೆ. ನೀರು ಕುಡಿಯದಿರುವುದು, ಭೇದಿ, ರಕ್ತಸ್ರಾವಗಳಿಂದ ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಗಳು ನೀರನ್ನು ಹೆಚ್ಚು ಹೀರಿಕೊಳ್ಳುತ್ತವೆ. ಜೊತೆಗೆ ಯೂರಿಯಾವೂ ಹೆಚ್ಚು ಹಿಂದಿರುಗುತ್ತದೆ. ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಹೀಗೆ ಮರಳಿ ಹೀರಲ್ಪಡುವುದಿಲ್ಲ. ಇವೆರಡರ ನಡುವಿನ ಈ ವ್ಯತ್ಯಾಸವೇ ವರದಿಯನ್ನು ಅರ್ಥಮಾಡಿಕೊಳ್ಳುವುದಕ್ಕೆ ಮುಖ್ಯ ಸುಳಿವು.

ಇತಿಹಾಸ

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಇಲೇರ್ ರುಯೆಲ್ 1773ರಲ್ಲಿ ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿದ. 1820ರ ದಶಕದ ಆರಂಭದಲ್ಲಿ ಪ್ರೆವೋ ಮತ್ತು ಡ್ಯುಮಾ ಪ್ರಾಣಿಗಳ ಮೂತ್ರಪಿಂಡಗಳನ್ನು ತೆಗೆದಾಗ ರಕ್ತದಲ್ಲಿ ಯೂರಿಯಾ ಶೇಖರವಾಗುವುದನ್ನು ಕಂಡರು. ಯೂರಿಯಾ ತಯಾರಾಗುವುದು ಮೂತ್ರಪಿಂಡದಲ್ಲಲ್ಲ, ಮೂತ್ರಪಿಂಡದ ಕೆಲಸ ಅದನ್ನು ಹೊರಹಾಕುವುದು ಮಾತ್ರ ಎಂಬುದು ಇದರಿಂದ ತಿಳಿಯಿತು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೂಲರ್ ಅಮೋನಿಯಂ ಸಯನೇಟಿನಿಂದ ಯೂರಿಯಾವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. ಜೀವಿಗಳಷ್ಟೇ ತಯಾರಿಸಬಲ್ಲವು ಎಂದು ನಂಬಿದ್ದ ವಸ್ತು ಗಾಜಿನ ಪಾತ್ರೆಯಲ್ಲಿ ಸಿದ್ಧವಾದದ್ದು ರಸಾಯನಶಾಸ್ತ್ರದ ದೊಡ್ಡ ತಿರುವು. ಅದೇ ಕಾಲದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಮೈ ಊತ, ಮೂತ್ರದಲ್ಲಿ ಆಲ್ಬುಮಿನ್ ಮತ್ತು ಮೂತ್ರಪಿಂಡದ ಹಾನಿ ಇವುಗಳ ಸಂಬಂಧವನ್ನು ವಿವರಿಸಿದ. ಇಂಥ ರೋಗಿಗಳ ರಕ್ತದಲ್ಲಿ ಯೂರಿಯಾ ಏರಿರುವುದು ಅವನ ಕಾಲದಲ್ಲೇ ಗೊತ್ತಾಯಿತು.

ಯಕೃತ್ತಿನಲ್ಲಿ ಯೂರಿಯಾ ತಯಾರಾಗುವ ಬಗೆಯನ್ನು ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ 1932ರಲ್ಲಿ ಬಿಡಿಸಿ ತೋರಿಸಿದರು. ಅಳತೆಯ ವಿಧಾನಕ್ಕೆ ಬುನಾದಿಯಾದದ್ದು ಯೂರಿಯೇಸ್ ಎಂಬ ಕಿಣ್ವ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಜ್ಯಾಕ್‌ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಅದನ್ನು ಹರಳುರೂಪದಲ್ಲಿ ಪಡೆದು, ಕಿಣ್ವ ಎಂದರೆ ಪ್ರೋಟೀನು ಎಂದು ಸಾಧಿಸಿದ. ಈ ಕೆಲಸಕ್ಕೆ 1946ರಲ್ಲಿ ಅವನಿಗೆ ನೊಬೆಲ್ ಪುರಸ್ಕಾರದ ಪಾಲು ಸಂದಿತು. ನೆದರ್ಲೆಂಡ್ಸಿನ ವಿಲೆಮ್ ಕಾಲ್ಫ್ ಎರಡನೆಯ ಮಹಾಯುದ್ಧದ ನಡುವೆ 1943ರಲ್ಲಿ ರಕ್ತದಿಂದ ಯೂರಿಯಾದಂಥ ತ್ಯಾಜ್ಯಗಳನ್ನು ತೆಗೆಯುವ ಕೃತಕ ಮೂತ್ರಪಿಂಡವನ್ನು, ಅಂದರೆ ಡಯಾಲಿಸಿಸ್ ಯಂತ್ರವನ್ನು, ರೋಗಿಗಳಿಗೆ ಬಳಸತೊಡಗಿದ; 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷ ವಯಸ್ಸಿನ ಮಹಿಳೆಯೊಬ್ಬಳು ಅದರಿಂದ ಬದುಕುಳಿದಳು.

ಪರೀಕ್ಷೆಯ ವಿಧಾನ

ತೋಳಿನ ಅಭಿಧಮನಿಯಿಂದ ತೆಗೆದ ಕೆಲವೇ ಮಿಲಿಲೀಟರು ರಕ್ತ ಸಾಕು. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ಸೀರಂನಲ್ಲಿ ಅಳತೆ ನಡೆಯುತ್ತದೆ. ಯೂರಿಯೇಸ್ ಕಿಣ್ವ ಯೂರಿಯಾವನ್ನು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹೀಗೆ ಬಂದ ಅಮೋನಿಯ ಗ್ಲುಟಮೇಟ್ ಡಿಹೈಡ್ರಾಜಿನೇಸ್ ಎಂಬ ಇನ್ನೊಂದು ಕಿಣ್ವದ ನೆರವಿನಿಂದ ಎನ್‌ಎಡಿಎಚ್ ಎಂಬ ಸಂಯುಕ್ತವನ್ನು ಖರ್ಚು ಮಾಡುತ್ತದೆ. ಎನ್‌ಎಡಿಎಚ್ 340 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹೀರಬಲ್ಲದು. ಆ ಹೀರುವಿಕೆ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಯಂತ್ರ ಅಳೆದು ಯೂರಿಯಾದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ.

ರಕ್ತ ಯಾವ ನಳಿಕೆಯಲ್ಲಿದೆ ಎಂಬುದು ಇಲ್ಲಿ ಮುಖ್ಯ. ಸಕ್ಕರೆ ಪರೀಕ್ಷೆಗೆ ಬಳಸುವ ಬೂದು ಮುಚ್ಚಳದ ನಳಿಕೆಯಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದು ಯೂರಿಯೇಸ್ ಕಿಣ್ವವನ್ನು ತಡೆಯುವುದರಿಂದ ಯೂರಿಯಾ ವಾಸ್ತವಕ್ಕಿಂತ ಕಡಿಮೆ ಬರಬಹುದು. ಅಮೋನಿಯಂ ಹೆಪಾರಿನ್ ಇರುವ ನಳಿಕೆ ಬಳಸಿದರೆ ಅಂಕಿ ಸುಳ್ಳಾಗಿ ಏರಬಹುದು.

ಈ ಪರೀಕ್ಷೆಗಾಗಿಯೇ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಜೊತೆಗೆ ಸಕ್ಕರೆ ಅಥವಾ ಕೊಬ್ಬಿನ ಪರೀಕ್ಷೆ ಇದ್ದರೆ ಮಾತ್ರ ಪ್ರಯೋಗಾಲಯದವರು ಹೇಳಿದಂತೆ ಉಪವಾಸ ಇರಬೇಕು. ಅಂಥ ಉಪವಾಸದಲ್ಲೂ ನೀರು ಬಿಡಬಾರದು. ರಾತ್ರಿಯಿಂದ ನೀರು ಕುಡಿಯದೆ ಬಂದವರಲ್ಲಿ ಯೂರಿಯಾ ಕೊಂಚ ಹೆಚ್ಚು ಕಾಣಬಹುದು. ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತಿಳಿಸಬೇಕು.

ಹೆಸರು, ಮಾನ ಮತ್ತು ಸಹಜ ಮಿತಿ

ವರದಿ ಓದುವವರು ಹೆಚ್ಚು ಎಡವುವುದು ಇಲ್ಲಿಯೇ. ಒಂದೇ ವಸ್ತುವಿನ ಅಳತೆಯನ್ನು ಎರಡು ಬಗೆಯಲ್ಲಿ ಬರೆಯುವ ರೂಢಿಯಿದೆ. ಅಮೆರಿಕದಲ್ಲಿ ಯೂರಿಯಾದೊಳಗಿನ ಸಾರಜನಕವನ್ನಷ್ಟೇ ಬಿಯುಎನ್ ಎಂದು ಬರೆಯುತ್ತಾರೆ. ಭಾರತದ ಪ್ರಯೋಗಾಲಯಗಳಲ್ಲಿ ಇಡೀ ಯೂರಿಯಾ ಅಣುವಿನ ಪ್ರಮಾಣವನ್ನು ಬ್ಲಡ್ ಯೂರಿಯಾ ಎಂದು ಬರೆಯುವುದು ಹೆಚ್ಚು ಬಳಕೆಯಲ್ಲಿದೆ. ಕೆಲವರು ಬಿಯುಎನ್ ಕೊಡುತ್ತಾರೆ, ಇನ್ನು ಕೆಲವರು ಎರಡನ್ನೂ ಕೊಡುತ್ತಾರೆ. ಬ್ರಿಟನ್ ಮತ್ತು ಯುರೋಪಿನ ಹಲವೆಡೆ ಯೂರಿಯಾವನ್ನು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತಾರೆ.

ಯೂರಿಯಾದ ಅಣುತೂಕ 60. ಅದರಲ್ಲಿರುವ ಎರಡು ಸಾರಜನಕ ಪರಮಾಣುಗಳ ತೂಕ 28. ಗೊಬ್ಬರದ ಚೀಲದ ಮೇಲೆ ಶೇ. 46 ಸಾರಜನಕ ಎಂದು ಮುದ್ರಿಸಿರುವುದು ಇದೇ ಲೆಕ್ಕದಿಂದ. 60ನ್ನು 28ರಿಂದ ಭಾಗಿಸಿದರೆ 2.14 ಬರುತ್ತದೆ. ಆದ್ದರಿಂದ:

ಬ್ಲಡ್ ಯೂರಿಯಾ = ಬಿಯುಎನ್ × 2.14
ಬಿಯುಎನ್ = ಬ್ಲಡ್ ಯೂರಿಯಾ ÷ 2.14
ಲೀಟರಿಗೆ ಮಿಲಿಮೋಲ್ = ಬ್ಲಡ್ ಯೂರಿಯಾ (ಮಿಲಿಗ್ರಾಂ) ÷ 6

100 ಮಿಲಿಲೀಟರು, ಅಂದರೆ ಒಂದು ಡೆಸಿಲೀಟರಿನಲ್ಲಿ 30 ಮಿಲಿಗ್ರಾಂ ಬ್ಲಡ್ ಯೂರಿಯಾ ಇದ್ದರೆ ಅದು 14 ಮಿಲಿಗ್ರಾಂ ಬಿಯುಎನ್‌ಗೆ ಅಥವಾ ಲೀಟರಿಗೆ 5 ಮಿಲಿಮೋಲ್‌ಗೆ ಸಮ. ವಯಸ್ಕರಲ್ಲಿ ಬಿಯುಎನ್ ಸಾಮಾನ್ಯವಾಗಿ ಡೆಸಿಲೀಟರಿಗೆ 7ರಿಂದ 20 ಮಿಲಿಗ್ರಾಂ ಒಳಗೆ, ಬ್ಲಡ್ ಯೂರಿಯಾ ಸುಮಾರು 15ರಿಂದ 43 ಮಿಲಿಗ್ರಾಂ ಒಳಗೆ ಇರುತ್ತದೆ. ಬ್ಲಡ್ ಯೂರಿಯಾ 40 ಎಂದಿದ್ದರೆ ಗಾಬರಿಪಡಬೇಕಾಗಿಲ್ಲ. ಬಿಯುಎನ್ 40 ಎಂದಿದ್ದರೆ ವೈದ್ಯರನ್ನು ಕಾಣಬೇಕು. ಒಂದು ಊರಿನಲ್ಲಿ ಬಿಯುಎನ್, ಇನ್ನೊಂದು ಊರಿನಲ್ಲಿ ಬ್ಲಡ್ ಯೂರಿಯಾ ಮಾಡಿಸಿ, ತಿಂಗಳೊಳಗೆ ಎರಡು ಪಟ್ಟು ಏರಿತೆಂದು ಹೆದರುವ ಅಗತ್ಯವಿಲ್ಲ. ಅಂಕಿಗಿಂತ ಮೊದಲು ಪರೀಕ್ಷೆಯ ಹೆಸರು ಮತ್ತು ಮಾನವನ್ನು ನೋಡಬೇಕು. ಆಮೇಲೆ ಆ ಪ್ರಯೋಗಾಲಯವೇ ಪಕ್ಕದಲ್ಲಿ ಕೊಟ್ಟಿರುವ ಸಹಜ ಮಿತಿಯನ್ನು ನೋಡಬೇಕು.

ಮಕ್ಕಳಲ್ಲಿ ಮಿತಿ ಕೊಂಚ ಕಡಿಮೆ, ವೃದ್ಧರಲ್ಲಿ ಕೊಂಚ ಹೆಚ್ಚು. ಗರ್ಭಿಣಿಯರಲ್ಲಿ ಮೂತ್ರಪಿಂಡಗಳ ಸೋಸುವಿಕೆ ಸುಮಾರು ಅರ್ಧದಷ್ಟು ಹೆಚ್ಚುವುದರಿಂದ ಯೂರಿಯಾ ಇಳಿಯುತ್ತದೆ. ಬೇರೆಯವರಿಗೆ ಸಹಜ ಎನಿಸುವ ಅಂಕಿ ಗರ್ಭಿಣಿಯಲ್ಲಿ ತೊಂದರೆಯ ಸೂಚನೆ ಆಗಿರಬಹುದು.

ಏರಿಕೆಯ ಕಾರಣಗಳು

ರಕ್ತದಲ್ಲಿ ಯೂರಿಯಾ ಮತ್ತಿತರ ಸಾರಜನಕ ತ್ಯಾಜ್ಯಗಳು ಏರಿರುವ ಸ್ಥಿತಿಯನ್ನು ವೈದ್ಯರು ಅಜೊಟೀಮಿಯ ಎನ್ನುತ್ತಾರೆ. ಕಾರಣಗಳನ್ನು ಮೂರು ಗುಂಪು ಮಾಡುವುದು ರೂಢಿ.

ಮೊದಲನೆಯದರಲ್ಲಿ ಮೂತ್ರಪಿಂಡ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಸಾಕಷ್ಟು ರಕ್ತ ಹರಿಯುತ್ತಿರುವುದಿಲ್ಲ. ವಾಂತಿಭೇದಿ, ಬಿಸಿಲಿನಲ್ಲಿ ದುಡಿದು ಬೆವರಿದ್ದು, ಸುಟ್ಟಗಾಯ, ರಕ್ತಸ್ರಾವ, ಹೃದಯದ ದೌರ್ಬಲ್ಯ, ಮೂತ್ರ ಹೆಚ್ಚಿಸುವ ಮಾತ್ರೆಗಳ ಅತಿ ಬಳಕೆ ಇದಕ್ಕೆ ಕಾರಣ. ಸಮಯಕ್ಕೆ ಸರಿಪಡಿಸಿದರೆ ಅಂಕಿ ಬೇಗ ಇಳಿಯುತ್ತದೆ. ಬಿಟ್ಟರೆ ರಕ್ತದ ಕೊರತೆಯಿಂದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ.

ಎರಡನೆಯದು ಮೂತ್ರಪಿಂಡದ್ದೇ ರೋಗ. ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಇದರಲ್ಲಿ ಮುಖ್ಯವಾದವು. ಗ್ಲಾಮೆರುಲಸ್‌ನ ಉರಿಯೂತ, ತೀವ್ರ ಸೋಂಕು, ನೋವಿನ ಮಾತ್ರೆಗಳು ಮತ್ತು ಕೆಲವು ಪ್ರತಿಜೀವಕಗಳೂ ಹಾನಿ ಮಾಡುತ್ತವೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ, ಹೊಲಗದ್ದೆಗಳಲ್ಲಿ ಕೊಳಕುಮಂಡಲ ಹಾವಿನ ಕಡಿತ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿಬಿಡಬಲ್ಲವು. ಇಂಥ ರೋಗಿಗಳಲ್ಲಿ ಯೂರಿಯಾ ಮತ್ತು ಕ್ರಿಯಾಟಿನಿನ್ ಅನ್ನು ದಿನದಿನವೂ ನೋಡುತ್ತಿರಬೇಕಾಗುತ್ತದೆ.

ಮೂರನೆಯದು ಮೂತ್ರದ ದಾರಿಯಲ್ಲಿ ತಡೆ: ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೂತ್ರನಾಳಗಳನ್ನು ಒತ್ತುವುದು. ಇಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಕಾರಣವನ್ನು ತೋರಿಸಿಕೊಡುತ್ತದೆ.

ಇವಲ್ಲದೆ ಯೂರಿಯಾದ ತಯಾರಿಯೇ ಹೆಚ್ಚಾದಾಗಲೂ ಅಂಕಿ ಏರುತ್ತದೆ. ಪ್ರೋಟೀನಿನ ಅತಿ ಸೇವನೆ, ಹೆಚ್ಚು ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಸ್ಟಿರಾಯ್ಡ್ ಔಷಧಿ ಇದಕ್ಕೆ ಕಾರಣಗಳು. ಜಠರದಲ್ಲಿ ಹುಣ್ಣು ಒಡೆದು ರಕ್ತ ಸುರಿದಾಗ ಆ ರಕ್ತವೇ ಪ್ರೋಟೀನಿನ ಊಟದಂತೆ ಕರುಳಿನಲ್ಲಿ ಜೀರ್ಣವಾಗಿ ಯೂರಿಯಾವನ್ನು ಹೆಚ್ಚಿಸುತ್ತದೆ. ಕಪ್ಪು ಮಲ, ತಲೆಸುತ್ತು ಮತ್ತು ಏರಿದ ಯೂರಿಯಾ ಒಟ್ಟಿಗೆ ಕಂಡರೆ ಒಳಗೆ ರಕ್ತ ಹೋಗುತ್ತಿದೆಯೇ ಎಂದು ಕೂಡಲೇ ನೋಡಬೇಕು.

ಕ್ರಿಯಾಟಿನಿನ್ ಜೊತೆಗಿನ ಅನುಪಾತ

ಬಿಯುಎನ್ ಅನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿದಾಗ ಸಾಮಾನ್ಯವಾಗಿ 10ರಿಂದ 20ರ ನಡುವಿನ ಅಂಕಿ ಸಿಗುತ್ತದೆ. 20ಕ್ಕಿಂತ ಹೆಚ್ಚಿದ್ದರೆ ನೀರಿನ ಕೊರತೆ, ರಕ್ತಪೂರೈಕೆಯ ಕೊರತೆ ಅಥವಾ ಜಠರದ ರಕ್ತಸ್ರಾವದ ಕಡೆಗೆ ಗಮನ ಹೋಗಬೇಕು. ಎರಡೂ ಏರಿದ್ದು ಅನುಪಾತ ಹೆಚ್ಚದಿದ್ದರೆ ಮೂತ್ರಪಿಂಡದ ಒಳಗಿನ ರೋಗದ ಸಂಶಯ ಬಲವಾಗುತ್ತದೆ. 10ಕ್ಕಿಂತ ಕಡಿಮೆ ಇದ್ದರೆ ಪ್ರೋಟೀನಿನ ಕೊರತೆ, ಯಕೃತ್ತಿನ ರೋಗ ಅಥವಾ ಸ್ನಾಯುಗಳು ಜಜ್ಜಿಹೋಗಿ ಕ್ರಿಯಾಟಿನಿನ್ ಏರಿರುವುದೂ ಕಾರಣ ಆಗಿರಬಹುದು.

ಒಂದು ಉದಾಹರಣೆ. ಮೂರು ದಿನ ವಾಂತಿಭೇದಿಯಾದ 70 ವರ್ಷ ವಯಸ್ಸಿನ ವ್ಯಕ್ತಿಯ ವರದಿಯಲ್ಲಿ ಬ್ಲಡ್ ಯೂರಿಯಾ 90, ಕ್ರಿಯಾಟಿನಿನ್ 1.4 ಎಂದಿದೆ ಎನ್ನೋಣ. 90ನ್ನು 2.14ರಿಂದ ಭಾಗಿಸಿದರೆ ಬಿಯುಎನ್ 42, ಅದನ್ನು 1.4ರಿಂದ ಭಾಗಿಸಿದರೆ ಅನುಪಾತ 30. ನಾಲಿಗೆ ಒಣಗಿದೆ, ಮೂತ್ರ ಕಡಿಮೆ, ನಾಡಿ ವೇಗ. ಡ್ರಿಪ್ ಹಾಕಿದ ಎರಡು ದಿನಗಳಲ್ಲಿ ಯೂರಿಯಾ 38ಕ್ಕೂ ಕ್ರಿಯಾಟಿನಿನ್ 1.0ಕ್ಕೂ ಇಳಿದರೆ ತೊಂದರೆ ನೀರಿನದಾಗಿತ್ತು ಎಂದು ಖಚಿತವಾಗುತ್ತದೆ. ಇನ್ನೊಬ್ಬರಿಗೂ ಯೂರಿಯಾ 90 ಇದೆ, ಆದರೆ ಕ್ರಿಯಾಟಿನಿನ್ 5.2. ಅನುಪಾತ ಸುಮಾರು 8. ಹತ್ತಾರು ವರ್ಷಗಳ ಸಕ್ಕರೆ ಕಾಯಿಲೆ, ಕಾಲಿನ ಬಾವು, ರಕ್ತಹೀನತೆ ಇವೆ. ಇದು ಮೂತ್ರಪಿಂಡದ್ದೇ ದೀರ್ಘಕಾಲದ ರೋಗ. ಯೂರಿಯಾದ ಅಂಕಿ ಇಬ್ಬರಲ್ಲೂ ಒಂದೇ. ಚಿಕಿತ್ಸೆ ಮತ್ತು ಮುಂದಿನ ದಾರಿ ಪೂರ್ತಿ ಬೇರೆ.

ಅನುಪಾತ ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಸ್ನಾಯು ಸೊರಗಿದ ವೃದ್ಧರಲ್ಲಿ ಕ್ರಿಯಾಟಿನಿನ್ ಮೊದಲೇ ಕಡಿಮೆ ಇರುವುದರಿಂದ ಅನುಪಾತ ಸುಮ್ಮನೆ ಹೆಚ್ಚು ಕಾಣಬಹುದು. ಮೂತ್ರಪಿಂಡದ ಸಾಮರ್ಥ್ಯವನ್ನು ನಿರ್ಧರಿಸಲು ಕ್ರಿಯಾಟಿನಿನ್, ವಯಸ್ಸು, ಲಿಂಗಗಳಿಂದ ಲೆಕ್ಕ ಹಾಕುವ ಇಜಿಎಫ್‌ಆರ್ ಎಂಬ ಅಂದಾಜು ಸೋಸುವಿಕೆ ದರವನ್ನು ಬಳಸುತ್ತಾರೆ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ, ಅಥವಾ ಅಷ್ಟೇ ಕಾಲ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ ದೀರ್ಘಕಾಲದ ಮೂತ್ರಪಿಂಡ ರೋಗ ಎನ್ನುತ್ತಾರೆ.

ಸೋಸುವಿಕೆ ಅರ್ಧಕ್ಕೆ ಇಳಿಯುವವರೆಗೂ ಯೂರಿಯಾ ಸಹಜ ಮಿತಿಯನ್ನು ದಾಟದೆ ಇರಬಹುದು. ಹಿಂದೆ 8 ಇದ್ದ ಬಿಯುಎನ್ ಈಗ 16 ಆಗಿದ್ದರೆ ವರದಿಯಲ್ಲಿ ಅದು ಸಹಜ; ಆದರೆ ಆ ವ್ಯಕ್ತಿಯ ಮಟ್ಟಿಗೆ ಎರಡು ಪಟ್ಟು. ಹಳೆಯ ವರದಿಗಳ ಬೆಲೆ ಇಂಥ ಕಡೆ ತಿಳಿಯುತ್ತದೆ.

ಇಳಿಕೆಯ ಕಾರಣಗಳು

ಯೂರಿಯಾ ಕಡಿಮೆಯಾಗುವುದು ಅಷ್ಟು ಸಾಮಾನ್ಯವಲ್ಲ. ಅಪೌಷ್ಟಿಕತೆ, ಅತಿ ಕಡಿಮೆ ಪ್ರೋಟೀನಿನ ಆಹಾರ, ಗರ್ಭಾವಸ್ಥೆ, ಮೈಯಲ್ಲಿ ನೀರು ಹೆಚ್ಚಾಗಿರುವುದು ಇದಕ್ಕೆ ಕಾರಣಗಳು. ಯಕೃತ್ತು ತೀವ್ರವಾಗಿ ಕೆಟ್ಟಾಗ ಅಮೋನಿಯ ಯೂರಿಯಾವಾಗಿ ಮಾರ್ಪಡುವುದೇ ಕುಂಠಿತವಾಗುತ್ತದೆ: ಯೂರಿಯಾ ಇಳಿಯುತ್ತದೆ, ಅಮೋನಿಯ ಏರುತ್ತದೆ, ರೋಗಿಗೆ ಮಂಪರು ಕವಿಯುತ್ತದೆ. ಇಂಥವರಲ್ಲಿ ಮೂತ್ರಪಿಂಡವೂ ಸೋತಿದ್ದರೆ ಕಡಿಮೆ ಯೂರಿಯಾ ಆ ಸೋಲನ್ನು ಮುಚ್ಚಿಬಿಡಬಹುದು. ಯೂರಿಯಾ ಚಕ್ರದ ಕಿಣ್ವಗಳ ಹುಟ್ಟು ದೋಷವಿರುವ ಶಿಶುಗಳಲ್ಲೂ ಅಮೋನಿಯ ಅಪಾಯದ ಮಟ್ಟಕ್ಕೆ ಏರುತ್ತದೆ.

ಚಿಕಿತ್ಸೆಯ ನಿರ್ಧಾರಗಳಲ್ಲಿ ಬಳಕೆ

ನ್ಯುಮೋನಿಯಾ ರೋಗಿಯ ಗಂಭೀರತೆಯನ್ನು ಅಳೆಯುವ ಕರ್ಬ್-65 ಎಂಬ ಲೆಕ್ಕದಲ್ಲಿ ಗೊಂದಲ, ಉಸಿರಾಟದ ವೇಗ, ರಕ್ತದೊತ್ತಡ, ವಯಸ್ಸುಗಳ ಜೊತೆ ಯೂರಿಯಾವೂ ಒಂದು ಅಂಶ. ಅದು ಲೀಟರಿಗೆ 7 ಮಿಲಿಮೋಲ್, ಅಂದರೆ ಡೆಸಿಲೀಟರಿಗೆ 42 ಮಿಲಿಗ್ರಾಂ ಬ್ಲಡ್ ಯೂರಿಯಾ ಮೀರಿದರೆ ಒಂದು ಅಂಕ ಸೇರುತ್ತದೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಮತ್ತು ಜಠರದ ರಕ್ತಸ್ರಾವಗಳ ತೀವ್ರತೆ ಅಳೆಯುವಾಗಲೂ ಇದನ್ನು ಬಳಸುತ್ತಾರೆ.

ಡಯಾಲಿಸಿಸ್ ಸರಿಯಾಗಿ ಆಯಿತೇ ಎಂದು ತಿಳಿಯುವುದಕ್ಕೆ ಯೂರಿಯಾವೇ ಅಳತೆಗೋಲು. ಯಂತ್ರಕ್ಕೆ ಕೂರುವ ಮೊದಲು ಬ್ಲಡ್ ಯೂರಿಯಾ 140, ಮುಗಿದ ಮೇಲೆ 42 ಇದ್ದರೆ ಇಳಿದದ್ದು 98, ಅಂದರೆ ಶೇ. 70. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದು ಕನಿಷ್ಠ ಶೇ. 65 ಇರಬೇಕು. ಕಡಿಮೆ ಬರುತ್ತಿದ್ದರೆ ಅವಧಿ, ರಕ್ತದ ಹರಿವಿನ ವೇಗ, ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಮಾಡಿದ ಫಿಸ್ಟುಲಾ ಎಂಬ ರಕ್ತನಾಳ ಜೋಡಣೆಯ ಸ್ಥಿತಿಗಳನ್ನು ಪರಿಶೀಲಿಸಬೇಕು. ರೋಗಿಗಳೂ ಮನೆಯವರೂ ಈ ಲೆಕ್ಕವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ. ಕರ್ನಾಟಕದಲ್ಲಿ ಬೆಂಗಳೂರಿನ ನೆಫ್ರೊ-ಯುರಾಲಜಿ ಸಂಸ್ಥೆ ಮೂತ್ರಪಿಂಡ ರೋಗಗಳಿಗೆಂದೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆ.

ಡಯಾಲಿಸಿಸ್ ಆರಂಭಿಸುವ ನಿರ್ಧಾರವನ್ನು ಯೂರಿಯಾದ ಅಂಕಿ ನೋಡಿಯೇ ಮಾಡುವುದಿಲ್ಲ. ಪೊಟ್ಯಾಸಿಯಂ ಏರಿಕೆ, ರಕ್ತದಲ್ಲಿ ಆಮ್ಲತೆ, ಶ್ವಾಸಕೋಶದಲ್ಲಿ ನೀರು ತುಂಬುವುದು, ತ್ಯಾಜ್ಯಗಳು ರಕ್ತದಲ್ಲಿ ಉಳಿದು ಬರುವ ಯುರೀಮಿಯ ಎಂಬ ಸ್ಥಿತಿಯ ಲಕ್ಷಣಗಳು ಇವನ್ನೆಲ್ಲ ಸೇರಿಸಿ ನೋಡುತ್ತಾರೆ. ಹಸಿವಿಲ್ಲದಿರುವುದು, ವಾಕರಿಕೆ, ಬಿಕ್ಕಳಿಕೆ, ಮೈ ತುರಿಕೆ, ಉಸಿರಿನಲ್ಲಿ ಮೂತ್ರದ ವಾಸನೆ, ಮಂಪರು, ಹೃದಯದ ಹೊರಪೊರೆಯ ಉರಿಯೂತ ಯುರೀಮಿಯದ ಲಕ್ಷಣಗಳು. ಇವು ಯೂರಿಯಾ ಒಂದರಿಂದಲೇ ಬರುವಂಥವಲ್ಲ. ಅದರೊಡನೆ ಉಳಿದುಬಿಟ್ಟ ಇತರ ಅನೇಕ ತ್ಯಾಜ್ಯಗಳೂ ಕಾರಣ.

ಆಹಾರ, ನೀರು ಮತ್ತು ಔಷಧಿ

ಯೂರಿಯಾ ಏರಿತೆಂದು ತಿಳಿದ ಕೂಡಲೇ ಬೇಳೆ, ಹಾಲು, ಮೊಟ್ಟೆಗಳನ್ನೆಲ್ಲ ಬಿಟ್ಟುಬಿಡುವವರಿದ್ದಾರೆ. ಪ್ರೋಟೀನು ಬಿಟ್ಟರೆ ಅಂಕಿ ಇಳಿಯುತ್ತದೆ, ಆದರೆ ಮೂತ್ರಪಿಂಡ ಸುಧಾರಿಸಿದಂತಾಗುವುದಿಲ್ಲ. ಸ್ನಾಯು ಕರಗಿ ದೇಹ ಸೊರಗುತ್ತದೆ. ಡಯಾಲಿಸಿಸ್ ಹಂತ ತಲುಪದ ಮೂತ್ರಪಿಂಡ ರೋಗಿಗಳಿಗೆ ದೇಹತೂಕದ ಕಿಲೊಗ್ರಾಮಿಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನು ಸೂಕ್ತವೆಂಬುದು ಈಗಿನ ಸಾಮಾನ್ಯ ಸಲಹೆ. ಡಯಾಲಿಸಿಸ್‌ನಲ್ಲಿರುವವರಿಗೆ ಅದಕ್ಕಿಂತ ಹೆಚ್ಚು, 1.0ರಿಂದ 1.2 ಗ್ರಾಂ ಬೇಕು. ಒಬ್ಬರಿಗೆ ಹೇಳಿದ ಪಥ್ಯವನ್ನು ಇನ್ನೊಬ್ಬರು ಅನುಸರಿಸಬಾರದು.

ನೀರಿನ ವಿಷಯವೂ ಹೀಗೆಯೇ. ಭೇದಿಯಿಂದ ಸೊರಗಿದವರಿಗೆ ನೀರು, ಓಆರ್‌ಎಸ್ ಜೀವ ಉಳಿಸುತ್ತವೆ. ಹೃದಯ ದುರ್ಬಲವಾದವರು, ಮೂತ್ರವೇ ಕಡಿಮೆಯಾದವರು ಯೂರಿಯಾ ತೊಳೆದುಹೋಗಲಿ ಎಂದು ಕೊಡಗಟ್ಟಲೆ ಕುಡಿದರೆ ನೀರು ಶ್ವಾಸಕೋಶಕ್ಕೆ ಸೇರುತ್ತದೆ. ಯೂರಿಯಾ, ಕ್ರಿಯಾಟಿನಿನ್ ಇಳಿಸುತ್ತೇವೆಂದು ಮಾರುವ ಹೆಸರಿಲ್ಲದ ಪುಡಿ, ಕಷಾಯಗಳನ್ನು ನಂಬಬಾರದು. ಕೆಲವು ಮೂಲಿಕೆಗಳೂ ಭಾರಲೋಹಗಳೂ ಮೂತ್ರಪಿಂಡಕ್ಕೆ ನೇರ ಹಾನಿ ಮಾಡುತ್ತವೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಯೂ ಅಷ್ಟೇ ಅಪಾಯ.

ವರದಿ ಕೈಗೆ ಬಂದಾಗ

ಮೊದಲು ಬ್ಲಡ್ ಯೂರಿಯಾವೋ ಬಿಯುಎನ್ನೋ ನೋಡಬೇಕು. ಪಕ್ಕದಲ್ಲೇ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ ನೋಡಬೇಕು. ಆ ದಿನಗಳಲ್ಲಿ ಜ್ವರ, ಭೇದಿ, ಉಪವಾಸ, ಹೊಸ ಔಷಧಿ ಏನಾದರೂ ಇತ್ತೇ ಎಂದು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಬೇಕು. ಅಂಕಿ ಕೊಂಚ ಹೆಚ್ಚಿದ್ದು ಬೇರೆ ತೊಂದರೆಯಿಲ್ಲದಿದ್ದರೆ ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ನೋಡುತ್ತಾರೆ. ಮೂತ್ರ ತೀರ ಕಡಿಮೆಯಾಗುವುದು, ಮುಖ ಮತ್ತು ಕಾಲು ಊದುವುದು, ಉಸಿರುಗಟ್ಟುವುದು, ನಿಲ್ಲದ ವಾಂತಿ, ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೂತ್ರಪಿಂಡದ ರೋಗ ಬಹುಕಾಲ ನೋವಿಲ್ಲದೆ ಬೆಳೆಯುತ್ತದೆ. ಯೂರಿಯಾ ಏರುವ ಹೊತ್ತಿಗೆ ಅರ್ಧ ಶಕ್ತಿ ಹೋಗಿರಬಹುದು. ಆದ್ದರಿಂದ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಲಿ, ಹಳೆಯ ವರದಿಗಳನ್ನೆಲ್ಲ ಒಂದು ಕಡತದಲ್ಲಿ ಕಾದಿಟ್ಟು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಲಿ.